ಚರಂಡಿಯ ಕಪ್ಪು ನೀರು

ಕೊಟ್ಟಿಗೆಯ ಚರಂಡಿಯಲ್ಲಿ ಈ ಬೆಳಿಗ್ಗೆಯೂ ಕಪ್ಪು ನೀರು ಹರಿದಿತ್ತು.

ನಾಗತೊಮೊ ಟೀಚರ್ ಬಾಗಿಲಲ್ಲೇ ನಿಂತರು. ಸತತ ಮೂರನೆಯ ದಿನ. ಜಾನುವಾರು ಪ್ರದರ್ಶನಕ್ಕೆ ಉಳಿದದ್ದು ಎರಡೇ ದಿನ. ಜಪಾನಿನ ಮಿಯಾಜಾಕಿಯ ಆ ಕೃಷಿ ಪ್ರೌಢಶಾಲೆಯಲ್ಲಿ ದನಗಳ ವಿಭಾಗ ಉಳಿಯಬೇಕಾದರೆ ಈ ಸಲ ಬಹುಮಾನ ಬರಲೇಬೇಕೆಂದು ಮುಖ್ಯೋಪಾಧ್ಯಾಯರು ಬಾಯಿಬಿಟ್ಟು ಹೇಳಿದ್ದರು.

ಒಳಗೆ ವಿದ್ಯಾರ್ಥಿನಿ ಸುಜುನೊ ಬಕೆಟ್ ಬೋರಲು ಹಾಕುತ್ತಿದ್ದಳು. ಪಕ್ಕದಲ್ಲಿ ಕಡಸು ಫುಜಿನೊ. ಅದರ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೈ ತೋರಿಸು."

ಹುಡುಗಿಯ ಉಗುರುಗಳ ಸಂದಿಯಲ್ಲಿ ಕಪ್ಪು.

ಕರುವಾಗಿದ್ದಾಗಿನಿಂದ ಫುಜಿನೊಳನ್ನು ಪಳಗಿಸಿದವಳು ಅವಳೇ. ನಾಲ್ಕು ಕಾಲು ಸಮ ಊರಿ, ತಲೆಯೆತ್ತಿ, ನೊಣ ಕೂತರೂ ಅಲುಗದೆ ನಿಲ್ಲುವುದನ್ನು ಕಲಿಸಿದ್ದಳು. ಕಣದಲ್ಲಿ ಹಗ್ಗ ಹಿಡಿದರೆ ಕೃಷಿ ವಿಶ್ವವಿದ್ಯಾಲಯಕ್ಕೆ ಶಾಲೆಯ ಶಿಫಾರಸು ಪತ್ರ. ಅವಳ ಅಂಕಗಳಿಗೆ ಬೇರೆ ದಾರಿಯಿರಲಿಲ್ಲ.

ತೀರ್ಪುಗಾರರು ಮೊದಲು ಬೆನ್ನು ನೋಡುತ್ತಾರೆ, ಆಮೇಲೆ ಕೂದಲು, ಕೊನೆಗೆ ಬಗ್ಗಿ ಹೊಟ್ಟೆ. ಕರಿ ತಳಿಯೆಂದರೆ ಪೂರ್ತಿ ಕಪ್ಪಿರಬೇಕು. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾಗತೊಮೊ. ಹೋದ ವರ್ಷ ಇನ್ನೊಂದು ಶಾಲೆ ಬಣ್ಣ ಹಚ್ಚಿ ಸಿಕ್ಕಿಬಿದ್ದಿತ್ತು. ಅವರ ಕೊಟ್ಟಿಗೆಯಲ್ಲಿ ಈಗ ಸೈಕಲ್ ನಿಲ್ಲಿಸುತ್ತಾರೆ.

"ಏನಿದು?"

"ನಾನೇನೂ ಹಚ್ಚಿಲ್ಲ, ಟೀಚರ್. ತೊಳೆದೆ, ಅಷ್ಟೆ."

"ಸಂಜೆ ಬೀಗ ಹಾಕೋಳು ನಾನು. ಬೆಳಿಗ್ಗೆ ತೆಗೆಯೋಳು ನೀನು. ಮಧ್ಯೆ ಯಾರು ಬರ್ತಾರೆ?"

"ಯಾರೂ ಬರಲ್ಲ."

ಸೋಪಿನ ಅಲರ್ಜಿಯೆಂದು ಬೇಸಿಗೆಯಲ್ಲೂ ಬಿಚ್ಚದ ಕೈಗವಸಿನಲ್ಲಿ ನಾಗತೊಮೊ ಅವಳ ಮಣಿಕಟ್ಟು ಹಿಡಿದಿದ್ದರು.

"ಗೊತ್ತಿದ್ದರೆ ಹೇಳಿಬಿಡು."

"ಹೇಳಿದ್ರೆ ನಮ್ಮ ಕೊಟ್ಟಿಗೇನೂ ಮುಚ್ತಾರೆ, ಟೀಚರ್."

ಬ್ರಷ್ ತಿರುಗಿಸುತ್ತಾ ತೋಮ ಒಳಬಂದ. ಸುಜುನೊಳ ತರಗತಿಯವನೇ. "ಮತ್ತೆ ಸ್ನಾನಾನಾ? ಲೇ ಸುಜು, ಇವಳಿಗೆ ದಿನಾ ಬಿಸಿನೀರು, ನಿನಗೆ ವಾರಕ್ಕೊಂದ್ಸಲ. ವಾಸನೆ ನೋಡಿದ್ರೆ ಯಾರು ದನ ಅಂತಾನೇ ಗೊತ್ತಾಗಲ್ಲ!"



"ತೋಮ," ನಾಗತೊಮೊ ಅವನ ಕಡೆ ತಿರುಗದೆ ಹೇಳಿದರು, "ಕಣದಲ್ಲಿ ಹಗ್ಗ ನೀನು ಹಿಡೀತೀಯ. ಸುಜುನೊ ಪ್ರದರ್ಶನಕ್ಕೆ ಬರೋದಿಲ್ಲ. ಇವತ್ತಿನಿಂದ ಬೀಗದ ಕೈ ನನ್ನ ಹತ್ತಿರಾನೇ ಇರುತ್ತೆ."

ತೋಮನ ಕೈಯಲ್ಲಿ ಬ್ರಷ್ ನಿಂತಿತು. "ಟೀಚರ್, ನಾನಾ? ಅದು ನನ್ನ ಮಾತು ಕೇಳಲ್ಲ..."

ಸುಜುನೊ ಹಗ್ಗ ಬಿಚ್ಚಿ ಅವನಿಗೆ ಕೊಟ್ಟಳು. "ಸಡಿಲ ಬಿಡು. ಎಳೀಬೇಡ. ಅವಳೇ ನಿಲ್ತಾಳೆ." ಆಮೇಲೆ ಟೀಚರ್ ಕಡೆ ಸೊಂಟ ಬಗ್ಗಿಸಿ, ಬಹಳ ಹೊತ್ತು ತಲೆಯೆತ್ತದೆ ನಮಸ್ಕರಿಸಿದಳು. ಕ್ಷಮೆ ಕೇಳುವವಳ ಹಾಗೆ. ನಾಗತೊಮೊ ಮುಖ ತಿರುಗಿಸಿದರು.

ಸುಜುನೊಳ ಶಿಫಾರಸು ಪತ್ರವನ್ನು ನಾಗತೊಮೊ ಅಂದು ಮಧ್ಯಾಹ್ನವೇ ಕಡತದಿಂದ ತೆಗೆದುಹಾಕಿದರು. ಕಾರಣದ ಜಾಗದಲ್ಲಿ ಅವರು ಬರೆದದ್ದು ಒಂದೇ ಮಾತು: ನಂಬಿಕೆಗೆ ಅರ್ಹಳಲ್ಲ.

ಮರುದಿನ ಚರಂಡಿ ಶುಭ್ರವಾಗಿತ್ತು. ಅದರ ಮರುದಿನವೂ.

ಪ್ರದರ್ಶನದ ಮೈದಾನದಲ್ಲಿ ಹಾಜರಿ ಕೂಗುತ್ತಿದ್ದರು. ತೋಮನನ್ನು ಅಲ್ಲಿಗೆ ಕಳಿಸಿ ನಾಗತೊಮೊ ಲಾರಿಯ ಮರೆಯಲ್ಲಿ ಫುಜಿನೊಳ ಪಕ್ಕ ಮಂಡಿಯೂರಿದರು. ದಾರಿಯುದ್ದಕ್ಕೂ ಮಳೆ ಎರಚಿ ಹೊಟ್ಟೆ ನೆನೆದಿತ್ತು. ಹೊಕ್ಕುಳಿನ ಬಳಿ ಅಂಗೈಯಷ್ಟು ಬಿಳಿ ಕೂದಲು ಇಣುಕುತ್ತಿತ್ತು. ಕಡಸು ಅಲುಗಲಿಲ್ಲ. ಸುಜುನೊ ಕಲಿಸಿದಂತೆಯೇ ನಿಂತಿತ್ತು.

ನಾಗತೊಮೊ ಕೈಗವಸು ಬಿಚ್ಚಿ, ತಿಂಗಳುಗಳಿಂದ ತೊಳೆದರೂ ಹೋಗದ ತಮ್ಮ ಕಪ್ಪು ಬೆರಳುಗಳಿಂದ ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು.