ಯೋಗಿರಾಜರಿಗೆ ಫೋನ್ ಹಚ್ಚು

"ಯೋಗಿರಾಜರಿಗೆ ಫೋನ್ ಹಚ್ಚು."

ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿ ಸಿದ್ಧೇಶ್ವರ ಸಾಹುಕಾರರು ಹೊಸ್ತಿಲಲ್ಲೇ ನಿಂತರು. ಅಂಗಡಿಗೆ ಹೊರಟವರು ಕನ್ನಡಕ ಮರೆತು ಗಲ್ಲಿಯ ತಿರುವಿನಿಂದ ಮರಳಿ ಬಂದಿದ್ದರು. ಯಾರು ಈ ಯೋಗಿರಾಜ? ಬೀಗರಲ್ಲಿಲ್ಲ, ನೆರೆಯಲ್ಲಿಲ್ಲ, ಸೊಲ್ಲಾಪುರದ ತಮ್ಮ ಚಾದರದ ಅಂಗಡಿಗೆ ಬರುವ ಗಿರಾಕಿಗಳಲ್ಲೂ ಇಲ್ಲ.

ಒಳಗೆ ಗಿರಿಜಾಬಾಯಿ ಜೋಳದ ರೊಟ್ಟಿ ತಟ್ಟುತ್ತಿದ್ದರು. ಉಪ್ಪಿನ ಡಬ್ಬಿಗೆ ಒರಗಿ ನಿಂತ ಮೊಬೈಲು, ಸಿಮ್ ಒಂದೋ ಎರಡೋ ಎಂದು ವಿಚಾರಿಸುತ್ತಿತ್ತು. ಹೋದ ವಾರ ಸೊಸೆ ಪ್ರಣಿತಾ ಮನೆಯ ಫೋನುಗಳನ್ನೆಲ್ಲ ಅಪ್‌ಡೇಟ್ ಮಾಡಿದ್ದಳು. ಅಂದಿನಿಂದ ಸಾಹುಕಾರರ ಫೋನಿನಲ್ಲಿ ಎಡಗಡೆ ಇದ್ದ ಗುಂಡಿ ಬಲಗಡೆಗೆ ಹೋಗಿತ್ತು; ಅದನ್ನು ಹುಡುಕುವುದರಲ್ಲೇ ಅವರ ಅರ್ಧ ಬೆಳಗು ಮುಗಿಯುತ್ತಿತ್ತು. ಗಿರಿಜಾಬಾಯಿಗೆ ಮಾತ್ರ ಹಬ್ಬ. ಕನ್ನಡದಲ್ಲಿ ಹೇಳಿದರೆ ಸಾಕು, ಹಿಟ್ಟಿನ ಕೈ ತಾಗದೆಯೇ ಫೋನ್ ಹೋಗುತ್ತಿತ್ತು.

ಹೋಗಲಿ. ಆದರೆ ಯಾರಿಗೆ? ಸಾಹುಕಾರರು ಸದ್ದಿಲ್ಲದೆ ಹಿಂದೆ ಸರಿದು, ಮೆಟ್ಟಿಲಿಳಿದು ಗಲ್ಲಿಗೆ ಬಂದರು. ಕಿಸೆಯಲ್ಲಿ ಫೋನ್ ರಿಂಗಾಯಿತು. ಹೆಂಡತಿಯದೇ.

"ಎಲ್ಲಿದ್ದೀರಿ? ದೂರ ಹೋದ್ರೇನು?"

"ಅಂಗಡಿ ಮುಟ್ಟೀನಿ," ಎಂದು ಸುಳ್ಳು ಹೇಳಿದರು.

"ಹೌದೇನು? ಹಂಗಾರ ಇರ್ಲಿ ಬಿಡ್ರಿ."

ಎಷ್ಟು ನಿರಾಳ! ಗಂಡ ದೂರ ಹೋದನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾಳೆ. ಆ ದಿನ ಕನ್ನಡಕವಿಲ್ಲದ ಸಾಹುಕಾರರು ಸಿಂಗಲ್ ಚಾದರವನ್ನು ಡಬಲ್ ಎಂದು ತೋರಿಸಿ ಗಿರಾಕಿಯಿಂದ ಬೈಸಿಕೊಂಡರು.

ಅವರ ಹೊಟ್ಟೆ ಉರಿದದ್ದು ಹೆಸರಿಗಾಗಿ. ಲಗ್ನವಾದಾಗಿನಿಂದ ಗಿರಿಜಾಬಾಯಿಯ ಬಾಯಲ್ಲಿ ಗಂಡನ ಹೆಸರು ಬಂದದ್ದಿಲ್ಲ. ಸೊಲ್ಲಾಪುರದ ದೇವರದೂ ಅದೇ ಹೆಸರಾದ್ದರಿಂದ ಸಿದ್ಧೇಶ್ವರನ ಗುಡಿಗೆ 'ಕೆರಿಯಾಗಿನ ಗುಡಿ' ಅನ್ನುತ್ತಿದ್ದರು. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಕೂಡ ಅವರಿಗೆ ಬರೀ 'ಮುಂಬೈ ಗಾಡಿ'. ಅಂಥವಳ ನಾಲಿಗೆಯ ಮೇಲೆ ಈಗ ಯೋಗಿರಾಜ! ಅದೂ ಮರ್ಯಾದೆ ಕೊಟ್ಟು!

ತವರೂರು ತಡವಳದವನೇ ಇರಬೇಕು. ಅಲ್ಲಿಯವರಿಗೆ ಆಕೆ ಇನ್ನೂ ನೀಲಗಂಗಾ. ಗಿರಿಜಾ ಎಂಬುದು ಲಗ್ನದ ದಿನ ಸಾಹುಕಾರರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದು ಇಟ್ಟ ಹೆಸರು. ಮದುಮಗಳ ಹೆಸರು ಬದಲಿಸುವುದು ಅವರ ಮನೆತನದ ರೂಢಿ. ಮದುಮಗಳನ್ನು ಕೇಳುವುದು ರೂಢಿಯಲ್ಲಿರಲಿಲ್ಲ.

ತಡೆಯಲಾರದೆ ಸೊಸೆಯನ್ನು ಕೇಳಿಯೇ ಬಿಟ್ಟರು. "ಯೋಗಿರಾಜ ಅಂದ್ರ ಯಾರವಾ?"

ಪ್ರಣಿತಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅತ್ತಿನ್ನ ಕೇಳ್ರಿ ಮಾಮಾ. ಮನಷ್ಯಾ ಭಾಳ ಚಲೋ ಅಂತ, ಖರೇ ಸಿಟ್ಟು ಜರಾ ಜಾಸ್ತಿ ಅಂತ."

ಅಂದರೆ ಸೊಸೆಯೂ ಈ ಸಂಚಿನಲ್ಲಿದ್ದಾಳೆ!

ಗುರುವಾರ ಗಂಡ ಹೆಂಡತಿ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಹೋದರು. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಸಾಹುಕಾರರು ಒಳಗೆ ಹೋಗುವಾಗ ಫೋನಿನ ಸದ್ದು ಬಂದ್ ಮಾಡಿ ಕಿಸೆಗೆ ಹಾಕಿದರು. ಹೊರಬಂದು ನೋಡಿದರೆ ಗಿರಿಜಾಬಾಯಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಕತ್ತು ಉದ್ದ ಮಾಡಿ ಜನರ ನಡುವೆ ಯಾರನ್ನೋ ಹುಡುಕುತ್ತಿದ್ದರು. ಫೋನು ಬಾಯಿಯ ಹತ್ತಿರ ಇತ್ತು.

"ಯೋಗಿರಾಜರಿಗೆ ಫೋನ್ ಹಚ್ಚು."

ಸಾಹುಕಾರರು ತೆಂಗಿನಕಾಯಿ ಅಂಗಡಿಯ ಮರೆಗೆ ಸರಿದರು. ಹಾಗಾದರೆ ಆ ಮಹಾಶಯ ಇಲ್ಲಿಗೂ ಬಂದಿದ್ದಾನೆ! ಗಿರಿಜಾಬಾಯಿ ಫೋನನ್ನು ಕಿವಿಗೆ ಹಿಡಿದು ಕಾದರು. ಮುಖ ಸಣ್ಣದಾಯಿತು. "ಎತ್ತವಲ್ರು," ಎಂದು ಗೊಣಗಿದರು. ಆಗ ಸಾಹುಕಾರರು ಕಣ್ಣಿಗೆ ಬಿದ್ದರು.

"ಅಯ್ಯ, ಇಲ್ಲೇ ನಿಂತೀರೇನು!"

ಬೆಚ್ಚಿದಳು, ಸಿಕ್ಕಿಬಿದ್ದಳು ಎಂದುಕೊಂಡರು ಸಾಹುಕಾರರು. ಬಸ್ಸಿನಲ್ಲಿ ಕೂತು, ಸದ್ದು ಮತ್ತೆ ಚಾಲೂ ಮಾಡಲು ಫೋನ್ ತೆಗೆದರೆ ಹೆಂಡತಿಯ ಒಂದು ಮಿಸ್ಡ್ ಕಾಲ್. ಅವನು ಎತ್ತಲಿಲ್ಲ ಎಂದಮೇಲೆ ಗಂಡನ ನೆನಪಾಯಿತು! ಸಿಟ್ಟಿನ ಹಿಂದೆಯೇ ಭಯವೂ ಬಂತು. ಈಕೆ ಇಲ್ಲದ ಮನೆಯಲ್ಲಿ ತಮಗೆ ಒಂದು ದಿನವೂ ಇರಲಾಗದು ಎಂಬುದು ಅವರಿಗೆ ಮೊದಲ ಸಲ ಹೊಳೆಯಿತು. ಕಣ್ಣು ತುಂಬಿತು.

"ತಿನ್ರಿ. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ," ಎಂದು ಗಿರಿಜಾಬಾಯಿ ಪ್ರಸಾದದ ಪೇಢೆ ಅವರ ಕೈಯಲ್ಲಿಟ್ಟರು. ಸಾಹುಕಾರರು ಸಿಟ್ಟಿನಲ್ಲೇ ತಿಂದರು. ಇನ್ನೊಂದು ಕೇಳಿ ತಿಂದರು.

ಮರುದಿನ ಬೆಳಿಗ್ಗೆ ಗಿರಿಜಾಬಾಯಿ ಶೇಂಗಾ ಒಣಹಾಕಲು ಮಾಳಿಗೆಗೆ ಹೋದರು. ಮೊಬೈಲು ಉಪ್ಪಿನ ಡಬ್ಬಿಯ ಬಳಿಯೇ ಇತ್ತು. ಸಾಹುಕಾರರು ಕನ್ನಡಕ ಏರಿಸಿ, ಅಂಗಿಯ ತೋಳು ಮಡಚಿ, ಅದರ ಮುಂದೆ ಬಗ್ಗಿದರು. ಬೈಗುಳಗಳನ್ನು ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದರು.

"ಯೋಗಿರಾಜರಿಗೆ ಫೋನ್ ಹಚ್ಚು!"

ಸಿಮ್ ಒಂದೋ ಎರಡೋ ಎಂದಿತು ಫೋನು.

"ಯಾವದರ ಹಚ್ಚು!"

ಆ ಕಡೆ ರಿಂಗ್ ಶುರುವಾಯಿತು. ಸಾಹುಕಾರರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅವರ ಕಿಸೆಯ ಫೋನೂ ರಿಂಗಾಗಬೇಕೆ! ಈ ಹೊತ್ತಿಗೇ ಯಾವನಿಗೆ ಚಾದರ ಬೇಕಾಯಿತೋ ಎಂದು ನೋಡದೆಯೇ ಕಿಸೆಗೆ ಕೈ ಹಾಕಿ ಕಟ್ ಮಾಡಿದರು. ಹೆಂಡತಿಯ ಫೋನಿನಲ್ಲಿ ಒಬ್ಬಾಕೆ, ನೀವು ಕರೆ ಮಾಡಿದವರು ಈಗ ಸಿಗುತ್ತಿಲ್ಲ ಎಂದಳು.

"ಅಂಜಬುರುಕ! ಕಟ್ ಮಾಡ್ತಾನ!" ಸಾಹುಕಾರರು ಮತ್ತೊಮ್ಮೆ ಹಚ್ಚಿಸಿದರು. ಕಿಸೆಯ ಫೋನೂ ಮತ್ತೊಮ್ಮೆ ರಿಂಗಾಯಿತು. ರೇಗಿ ಹೊರಗೆಳೆದು ನೋಡಿದರು. ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದೇ ಹೆಸರು: ಗಿರಿಜಾ.

ಬಾಗಿಲಲ್ಲಿ ಬಳೆ ಸದ್ದಾಯಿತು.

"ಫೋನು ಹೆಸರ ಹೇಳು, ಹೆಸರ ಹೇಳು ಅಂತ ಗಂಟು ಬಿತ್ತು. ನಿಮ್ಮ ಹೆಸರ ನಾ ಹೆಂಗ ತಗೊಳ್ಲಿ?" ಗಿರಿಜಾಬಾಯಿ ಸೆರಗಿನಿಂದ ನಗು ಒರೆಸಿಕೊಂಡರು. "ಅದಕ್ಕ ನಾನೂ ನಿಮ್ಮನ್ನ ಕೇಳದ ಒಂದು ಹೊಸಾ ಹೆಸರ ಇಟ್ಟೀನಿ. ಅಕ್ಕಿ ತಾಟ ತರ್ಲೇನ್ರಿ, ಬರದು ತೋರಸ್ತೀನಿ?"