ಸೊಸೆ ಬೆಳ್ಳಗಾಗಿದ್ದಾಳೆ ಎಂದು ಹಿಗ್ಗಿದ ಮನೆ

ಇದನ್ನು ಓದಿ ಸಿಟ್ಟು ಬಂದರೆ ಬರಲಿ... ನನಗಂತೂ ಇನ್ನೂ ಇಳಿದಿಲ್ಲ.

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಒಂದು ದೊಡ್ಡ ಮನೆ. ಯಜಮಾನ ಚನ್ನಬಸಪ್ಪ, ಮಾರ್ಕೆಟ್ಟಿನಲ್ಲಿ ಕಾಳುಕಡಿ ವ್ಯಾಪಾರಿ. ಆ ಮನೆಯಲ್ಲಿ ಉಣ್ಣುವುದಕ್ಕೆ ಕೊರತೆ ಎಂಬುದೇ ಇಲ್ಲ.

ಸೊಸೆ ರೋಹಿಣಿಗೆ ಏಳು ತಿಂಗಳು. ಅವತ್ತು ಅವಳ ಕುಬಸ... ನಮ್ಮ ಕಡೆ ಸೀಮಂತಕ್ಕೆ ಹಾಗೆನ್ನುತ್ತೇವೆ.

ಬಂದ ಹೆಂಗಸರದೆಲ್ಲ ಒಂದೇ ಮಾತು. "ಬಸುರಾದ ಮ್ಯಾಲೆ ಎಷ್ಟ ಬೆಳ್ಳಗಾಗ್ಯಾಳ ನೋಡ್ರಿ..."

ಅತ್ತೆ ಗಂಗವ್ವ ಹೆಮ್ಮೆಯಿಂದ ಬೀಗಿದಳು. "ದಿನಾ ಕೇಸರಿ ಹಾಲು ಕುಡಿಸೇನ್ರಿ. ಸುಮ್ನ ಆಗಿಲ್ಲ ಅದು."

ಹುಡುಗಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಅದು ಯಾರ ಕಣ್ಣಿಗೂ ಬೀಳಲಿಲ್ಲ, ಬಣ್ಣ ಮಾತ್ರ ಬಿತ್ತು. ಕಣ್ಣಿದ್ದೂ ಕುರುಡರು ಎಂದರೆ ಇವರೇ.

ಹಸಿರು ಬಳೆ ತೊಡಿಸುವ ಮೊದಲು ನೇಲ್ ಪಾಲಿಶ್ ಹಚ್ಚಲು ಅವಳ ಚಿಕ್ಕಮ್ಮ ದಾಕ್ಷಾಯಣಿ ಕೂತಳು. ತಾಯಿ ಇಲ್ಲದ ರೋಹಿಣಿಗೆ ತವರು ಎಂದರೆ ಈ ಚಿಗವ್ವ ಒಬ್ಬಳೇ.

ಬ್ರಶ್ ಎಳೆದಳು... ಪಾಲಿಶ್ ಹರಡಲಿಲ್ಲ. ಉಗುರಿನ ನಡುವಿನ ತಗ್ಗಿನಲ್ಲಿ ನಿಂತುಕೊಂಡಿತು.

ಇನ್ನೊಂದು ಬೆರಳು ಹಿಡಿದು ನೋಡಿದಳು. ಉಗುರು ಚಮಚದ ಹಾಗೆ ಒಳಕ್ಕೆ ಬಗ್ಗಿತ್ತು. ಸುಣ್ಣ ಬಳಿದಷ್ಟು ಬಿಳಿ.

ದಾಕ್ಷಾಯಣಿ ಬಾಟಲಿ ಮುಚ್ಚಿಟ್ಟಳು. "ಬೀಗ್ರ, ನನಗೂ ಹಿಂದ ಹಿಂಗ ಆಗಿತ್ತು. ಇದು ರಕ್ತ ಇಲ್ಲದ ಉಗುರು. ಈಕಿಗೆ ಆಸ್ಪತ್ರ್ಯಾಗ ಗುಳಿಗಿ ಕೊಟ್ಟಿಲ್ಲೇನು?"

"ಕೊಟ್ಟಾರ. ಆ ಕಬ್ಬಿಣದ ಗುಳಿಗಿ ತಿಂದ್ರ ಕೂಸು ಕರ್ರಗ ಹುಟ್ಟತೈತಿ ಅಂತ ನಾನ ಬ್ಯಾಡ ಅಂದೆ," ಎಂದಳು ಗಂಗವ್ವ, ಏನೋ ದೊಡ್ಡ ಉಪಕಾರ ಮಾಡಿದವಳಂತೆ.

ಕೇಳಿದಿರಾ... ಹುಟ್ಟದ ಕೂಸಿನ ಬಣ್ಣಕ್ಕಾಗಿ ಹೆರುವವಳ ಮಾತ್ರೆ ನಿಲ್ಲಿಸಿದ್ದರು. ಇವರ ಬುದ್ಧಿಗೆ ಅದೆಂಥ ಮಣ್ಣು ಬಿತ್ತೋ.

"ಈಗ ನಡೀರಿ ಆಸ್ಪತ್ರಿಗೆ," ಎಂದಳು ದಾಕ್ಷಾಯಣಿ.

ಪಂಕ್ತಿಯಲ್ಲಿ ಕೂತಿದ್ದ ಚನ್ನಬಸಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಹೇಳಿದ. "ಮಂದಿ ಬಂದಾರ. ನಾಳೆ ಹೋದ್ರಾತು ತಗೊ."

"ನಾಳೆ ಅನ್ನೂದು ಈಕಿಗೆ ಐತೋ ಇಲ್ಲೋ, ಯಾರಿಗೆ ಗೊತ್ರಿ," ಎಂದವಳೇ ರೋಹಿಣಿಯನ್ನು ಎಬ್ಬಿಸಿ ಆಟೋ ಹತ್ತಿಸಿದಳು. ಗಂಡ ಶಿವಾನಂದ ಬರಿಗಾಲಲ್ಲೇ ಹಿಂದೆ ಓಡಿದ. ಅತ್ತೆ ಮಾವ ಗೊಣಗುತ್ತ ಕಾರಿನಲ್ಲಿ ಬಂದರು.

ಡಾಕ್ಟರ್ ಉಗುರು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಉಗುರು ನೋಡಿ ಅನುಮಾನ ಪಡಬಹುದು, ರಕ್ತ ಪರೀಕ್ಷೆ ಮಾಡಿದರೇ ಖಾತ್ರಿ ಎಂದು ಟೆಸ್ಟ್ ಮಾಡಿಸಿದರು. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ ಐದೂ ಇರಲಿಲ್ಲ.

"ಹಿಂಗ ಹೆರಿಗಿಗೆ ಬಂದಿದ್ರ ತಾಯಿನೂ ಇಲ್ಲ, ಕೂಸೂ ಇಲ್ಲ," ಎಂದರು. ಆಮೇಲೆ ರೋಹಿಣಿಯನ್ನು ಕೇಳಿದರು. "ಏನ್ ಊಟ ಮಾಡ್ತೀಯವ್ವಾ ಮನ್ಯಾಗ?"

ಅವಳು ತಲೆ ತಗ್ಗಿಸಿದಳು. "ಗಂಡಸರದು ಆದ ಮ್ಯಾಲೆ... ಏನ್ ಉಳದಿರತೈತಿ, ಅದು."

ಕಾಳುಕಡಿ ವ್ಯಾಪಾರಿಯ ಮನೆಯಲ್ಲಿ, ಬಸುರಿ ಹೆಂಗಸಿಗೆ, ಉಳಿದದ್ದು.

ರಕ್ತ ಬೇಕಾಯಿತು. ಶಿವಾನಂದ ಕೊಡಲು ಹೋದ. ಇನ್ನೊಬ್ಬರು ಬೇಕು ಎಂದಾಗ ಎಲ್ಲರೂ ಚನ್ನಬಸಪ್ಪನ ಮುಖ ನೋಡಿದರು. ಬಿಪಿ ಇಲ್ಲ, ಶುಗರ್ ಇಲ್ಲ, ಕಲ್ಲುಗುಂಡಿನಂಥ ಆಳು.

"ನನಗ ನಿಶ್ಶಕ್ತಿ ಆಗತೈತಿ," ಎಂದು ಹೊರಗೆ ಹೋಗಿ ನಿಂತ.

ಆಗ ಗಂಗವ್ವ ಸೆರಗು ಸರಿಸಿ ಕೈ ಮುಂದೆ ಚಾಚಿದಳು. "ತಪ್ಪು ನಂದೈತಿ. ನಂದ ತಗೊಳ್ರಿ."

ನರ್ಸ್ ಅವಳ ಬೆರಳು ಹಿಡಿದು ಒಂದು ಹನಿ ತೆಗೆದು ಪರೀಕ್ಷಿಸಿದಳು. ಮತ್ತೊಮ್ಮೆ ಪರೀಕ್ಷಿಸಿದಳು. ಆಮೇಲೆ ಗಂಗವ್ವನ ಉಗುರುಗಳನ್ನು ಒಂದೊಂದಾಗಿ ನೋಡಿದಳು.

"ಅವ್ವಾ, ನಿಮ್ಮದು ತಗೊಳ್ಳಾಕ ಬರೂದಿಲ್ಲ. ನಿಮಗೂ ರಕ್ತ ಇಲ್ಲ..."

ಗಂಗವ್ವ ತನ್ನ ಕೈಯನ್ನೇ ನೋಡುತ್ತ ಕೂತಳು. "ನಡದ್ರ ತೇಕು ಬರತಿತ್ತು... ವಯಸ್ಸಾತು ಅಂತ ತಿಳಕೊಂಡಿದ್ದೆ."

ಬಯ್ಯಲು ಬಾಯಿ ತೆರೆದಿದ್ದ ದಾಕ್ಷಾಯಣಿ ಅವಳ ಪಕ್ಕಕ್ಕೆ ಹೋಗಿ ಕೂತಳು. ಗಂಗವ್ವ ಅವಳ ಕೈ ಹಿಡಿದು ಅತ್ತಳು. "ನಮ್ಮತ್ತಿ ಉಳದದ್ದ ಉಂಡು ಹ್ವಾದ್ಲು. ನಾನೂ ಹಂಗ ಉಂಡೆ. ಇದ ರೀತಿ ಅಂತ ಈಕಿಗೂ ಕಲಿಸಿದೆ..."

ಈ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನನ್ನ ಸಿಟ್ಟು ಗಂಗವ್ವನನ್ನು ಬಿಟ್ಟು ಬಾಗಿಲ ಹೊರಗೆ ನಿಂತವನ ಮೇಲೆ ತಿರುಗಿತು. ಇವತ್ತಿಗೂ ಅಲ್ಲೇ ಇದೆ.

ಶಿವಾನಂದನ ಗೆಳೆಯನೊಬ್ಬ ಬಂದು ರಕ್ತ ಕೊಟ್ಟ. ರೋಹಿಣಿ ಉಳಿದಳು. ಹೊಟ್ಟೆಯೊಳಗಿನ ಕೂಸೂ ಉಳಿಯಿತು. ಅತ್ತೆ ಸೊಸೆ ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು.

ಮನೆಗೆ ಬಂದ ದಿನ ಮಧ್ಯಾಹ್ನ ಚನ್ನಬಸಪ್ಪ ಎಂದಿನಂತೆ ಮಣೆಯ ಮೇಲೆ ಕೂತು ಕೆಮ್ಮಿದ. ಆ ಮನೆಯಲ್ಲಿ ಅದು ಬಡಿಸಿರಿ ಎಂಬ ಅಪ್ಪಣೆ.

ಗಂಗವ್ವ ಎರಡು ತಾಟು ಹಾಕಿದಳು. ಒಂದು ಸೊಸೆಗೆ, ಒಂದು ತನಗೆ. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಮೆಂತ್ಯೆ ಸೊಪ್ಪು... ಇಬ್ಬರೂ ಉಣ್ಣತೊಡಗಿದರು.

"ಏನಿದು ಮನ್ಯಾಗ ಹೊಸ ಪದ್ಧತಿ?" ಎಂದ ಚನ್ನಬಸಪ್ಪ.

ಗಂಗವ್ವ ತಾಟಿನಿಂದ ತಲೆ ಎತ್ತಲಿಲ್ಲ. "ಹಳೆ ಪದ್ಧತಿ ನಮ್ಮ ರಕ್ತ ಕುಡದೈತ್ರಿ. ಪಾತ್ರಿ ಅಲ್ಲೇ ಅದಾವ, ಹಸಿವಾಗಿದ್ರ ನೀಡ್ಕೊಂಡು ಉಣ್ರಿ."

ಕೊನೆಗೆ ಅವನೇ ಎದ್ದು ಅಡುಗೆಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಸೌಟು ಎಲ್ಲೈತಿ..."

ಯಾರೂ ಊಟ ಬಿಟ್ಟು ಏಳಲಿಲ್ಲ.

*

ಹೆಂಗಸಿನ ಉಗುರು ಬೆಳ್ಳಗಾದರೆ ಅದು ಚೆಲುವಲ್ಲ... ಆ ಮನೆ ಅವಳಿಗೆ ಏನು ಉಳಿಸುತ್ತಿದೆ ಎಂಬುದರ ಸಾಕ್ಷಿ.

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರ ಕೈಯನ್ನು ನೀವು ಯಾವತ್ತಾದರೂ ಹಿಡಿದು ನೋಡಿದ್ದೀರಾ?