ಮನೆ ಇದೆ, ನೆಲ ಇಲ್ಲ

"ಭಾನುವಾರ ಹೊತ್ತು ಮುಳುಗೋದ್ರೊಳಗೆ ಜಾಗ ಬಿಡ್ಬೇಕು. ಆಮೇಲೆ ನನ್ನ ನೆಲದ ಮೇಲೆ ಏನೇನಿರುತ್ತೋ ಅದೆಲ್ಲಾ ನಂದು," ಎಂದ ದೋನ್ ಸೆಲ್ಸೊ, ಜೀಪಿನಿಂದ ಇಳಿಯದೆಯೇ.

"ಮನೆ ನನ್ನ ಗಂಡ ಕಟ್ಟಿದ್ದು, ಧಣಿ," ಎಂದಳು ಇಸ್ಯಾಂಗ್.

"ಮನೆ ನಿಂದೇ. ಹೊತ್ಕೊಂಡು ಹೋಗು, ಬೇಡ ಅಂದೋರ್ಯಾರು?" ಅವನು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿ ನಕ್ಕ.

ನಗುವುದಕ್ಕೆ ಕಾರಣವಿತ್ತು. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಬಿದಿರಿನ ಮನೆಯನ್ನು ಕಂಬ ಸಮೇತ ಕಿತ್ತು, ಬೀದಿಯ ಗಂಡಸರೆಲ್ಲ ಹೆಗಲು ಕೊಟ್ಟು ಬೇರೆ ಕಡೆ ಇಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಕೂಲಿ ಯಾರೂ ಕೇಳುವುದಿಲ್ಲ, ತೆಂಗಿನಹಾಲಿನ ಪಾಯಸ ಕೊಟ್ಟರೆ ಸಾಕು. ಆದರೆ ಮನೆಯವರು ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ಇಸ್ಯಾಂಗ್ ಜಗಳವಾಡದ ಬಾಗಿಲು ನಮ್ಮ ಬೀದಿಯಲ್ಲಿ ಒಂದೂ ಉಳಿದಿರಲಿಲ್ಲ. ಮಗ ಮೀನಿನ ದೋಣಿಯಲ್ಲಿ ದೂರ ಹೋಗಿದ್ದ.

"ಯಾರ ಕಾಲೂ ಹಿಡಿಯಲ್ಲ ನಾನು," ಎಂದು ಅವಳು ಒಲೆಯ ಮುಂದೆ ಕೂತಳು. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಿದ್ದನ್ನು ಸೊಸೆ ದೆಲ್ಫಾ ನೋಡಿದಳು.

ದೆಲ್ಫಾ ಸಮಾರ್ ದ್ವೀಪದಿಂದ ಬಂದವಳು. ಅವರ ಭಾಷೆಯಲ್ಲಿ 'ವರಾಯ್' ಎಂದರೆ 'ಇಲ್ಲ'. ಊರವರು ಆ ಜನವನ್ನು ಕರೆಯುವುದೂ ವರಾಯ್ ಅಂತಲೇ. "ಇಲ್ಲ ಅನ್ನೋರ ಮನೆಯಿಂದ ಹೆಣ್ಣು ತಂದ, ಜೊತೆಗೆ ಇನ್ನೇನು ಬಂದೀತು," ಎಂದು ಅತ್ತೆ ಹಂಗಿಸುತ್ತಿದ್ದಳು. ಹಂಗಿಸುತ್ತಲೇ ನಮ್ಮ ತಗಾಲೋಗ್ ಮಾತನ್ನೂ ಕಲಿಸುತ್ತಿದ್ದಳು: ಉಪ್ಪು ಇದೆ, ಮೀನು ಇಲ್ಲ. ನೀರು ಇದೆ, ಸೌದೆ ಇಲ್ಲ. ದೆಲ್ಫಾಳ ಪಾಠ ಅಲ್ಲಿಗೇ ನಿಂತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇಸ್ಯಾಂಗಳಿಗೆ ಮಾತೂ ಇತ್ತು, ಜಗಳವೂ ಇತ್ತು. ಸೊಸೆಗೆ ಎರಡೂ ಇರಲಿಲ್ಲ. ಯಾರ ಮನೆಗೆ ಹೋಗಬಾರದು ಅನ್ನುವುದೂ ಗೊತ್ತಿರಲಿಲ್ಲ.

ಹಾಗಾಗಿ ಬೆಳಗಾಗುತ್ತಲೇ ಅವಳು ನೇರವಾಗಿ ಹೋದದ್ದು ಗೋರ್ಯೊ ತಾತನ ಹತ್ತಿರ. ತಾತನ ಕಾಳಗದ ಹುಂಜ ತನ್ನ ಸೊಪ್ಪಿನ ಮಡಿ ಕೆದಕಿತೆಂದು ಇಸ್ಯಾಂಗ್ ಅದನ್ನು ಹಿಡಿದು ಸಾರು ಮಾಡಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೋದ ಬಿರುಗಾಳಿಯಲ್ಲಿ ಮನೆ ಹಾರಿಹೋಗಿ ತಾತ ಕೊಬ್ಬರಿ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ.

"ಮನುಷ್ಯರು ಬಂದಿದ್ದೀವಿ," ಎಂದು ದೆಲ್ಫಾ ರೂಢಿಯಂತೆ ಹೊರಗೆ ನಿಂತು ಕೂಗಿದಳು.

"ಇಸ್ಯಾಂಗ್ ಸೊಸೆ ಅಲ್ವಾ ನೀನು? ಏನ್ ಬೇಕಿತ್ತು?"

ಅವಳು ಪದಗಳಿಗಾಗಿ ತಡಕಾಡಿದಳು. "ಮನೆ ಇದೆ," ಎಂದಳು. "ನೆಲ ಇಲ್ಲ."

ತಾತ ಬಾಯಿಂದ ಚುಟ್ಟಾ ತೆಗೆದು ಅವಳನ್ನೇ ನೋಡಿದ. "ನಂಗೆ ನೆಲ ಇದೆ," ಎಂದ. "ಮನೆ ಇಲ್ಲ." ಚುಟ್ಟಾದ ಬೂದಿ ಕೊಡವಿ ಕೇಳಿದ, "ನಿಮ್ಮತ್ತೆ ಕಳ್ಸಿದ್ಲಾ?"

"ಇಲ್ಲ."

"ಅವಳಿಗೆ ನಾಚಿಕೆ ಅನ್ನೋದು ಏನಾದ್ರೂ ಇದೆಯಾ?"

"ಇಲ್ಲ," ಎಂದಳು ದೆಲ್ಫಾ, ಪೂರಾ ಅರ್ಥವಾಗದೆ. ತಾತ ಕೆಮ್ಮು ಬರುವವರೆಗೆ ನಕ್ಕ.

ಅಲ್ಲಿಂದ ಅವಳು ಬೀದಿಯ ಒಂದು ಬಾಗಿಲೂ ಬಿಡಲಿಲ್ಲ. ಎಲ್ಲ ಕಡೆ ಅವೇ ಎರಡು ಮಾತು. ಕೇಳಿದವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

ಭಾನುವಾರ ಗಂಡಸರು ಉದ್ದದ ಬಿದಿರುಗಳೊಂದಿಗೆ ಬಂದಾಗ ಇಸ್ಯಾಂಗ್ ಕಿಟಕಿಯಲ್ಲಿ ನಿಂತಿದ್ದಳು. "ನಿಮ್ಮನ್ನ ಕರೆದೋರ್ಯಾರು?"

"ನಿನ್ನ ಸೊಸೆ," ಎಂದ ಗೋರ್ಯೊ ತಾತ, ಮನೆಯ ಅಡಿಗೆ ಬಿದಿರು ಕಟ್ಟುತ್ತಾ. "ಆಡಿದ್ದು ಎರಡೇ ಮಾತು. ನೀನು ಜನ್ಮದಲ್ಲಿ ಆಡಿದ್ದಕ್ಕಿಂತ ಚೆನ್ನಾಗಿತ್ತು. ನನ್ನ ನೆಲದಲ್ಲಿ ಇಳಿಸ್ತೀವಿ. ಒಲೆ ನಿಂದು, ಜಗಲಿ ನಂದು."

"ಅಲ್ಲಿ ಹುಂಜ ಇದೆಯಾ?"

"ಇದೆ. ಅದನ್ನ ಮುಟ್ಟಕೂಡದು."

ಇಸ್ಯಾಂಗ್ ಬೈಯಲೆಂದು ಕಿಟಕಿಯಿಂದ ಬಗ್ಗಿದಳು. ಕೆಳಗೆ ದೆಲ್ಫಾ ಕಂಬದ ಬುಡದ ಮಣ್ಣು ಅಗೆಯುತ್ತಿದ್ದಳು, ಪಕ್ಕದಲ್ಲಿದ್ದವರನ್ನು ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಕೈಸನ್ನೆಯಲ್ಲೇ ಕೇಳುತ್ತಾ. ಅತ್ತೆಗೆ ಆ ಹುಡುಗಿಯ ಮೇಲೆ ಹೆಮ್ಮೆ ಉಕ್ಕಿ ಬಂತು.

"ಇಳಿಯೇ ಇಸ್ಯಾಂಗ್, ಎತ್ತಬೇಕು," ಎಂದರು ಗಂಡಸರು.

"ಪಾಯಸ ಒಲೆ ಮೇಲಿದೆ, ಇಳಿಯೋದು ಹೇಗೆ? ಹತ್ತು ಮಗಳೇ, ನೀನೂ ಮೇಲೆ ಬಾ."

"ಇನ್ನೊಬ್ಳೂನಾ," ಎಂದು ಗಂಡಸರು ಗೊಣಗಿದರು. ಗೊಣಗುತ್ತಲೇ ಹೆಗಲು ಕೊಟ್ಟರು. ಗರಿಯ ಮಾಡು ಒಮ್ಮೆ ನಡುಗಿತು, ಕಂಬಗಳು ಮಣ್ಣು ಬಿಟ್ಟು ಮೇಲೆದ್ದವು, ಒಲೆಯ ಹೊಗೆಯನ್ನು ಹಿಂದೆ ಎಳೆದುಕೊಂಡು ಮನೆ ಬೀದಿಯಲ್ಲಿ ನಡೆಯತೊಡಗಿತು.

ದೋನ್ ಸೆಲ್ಸೊನ ಮಹಡಿಯ ಮುಂದೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಅವನು ಕಾಫಿ ಬಟ್ಟಲು ಹಿಡಿದು ಮೇಲಂತಸ್ತಿನ ಬಾಲ್ಕನಿಯಲ್ಲಿ ನಿಂತಿದ್ದ. ಅವನ ಮುಖಕ್ಕೆ ಸರಿಸಮವಾಗಿ ತೇಲಿಬಂದ ಕಿಟಕಿಯಲ್ಲಿ ಇಸ್ಯಾಂಗ್ ಬಾಯಿ ತೆರೆಯುವಷ್ಟರಲ್ಲಿ ಸೊಸೆ ಅವಳ ಕೈ ಹಿಡಿದು ಮುಂದೆ ಬಂದಳು.

"ಧಣಿ," ಎಂದಳು ದೆಲ್ಫಾ, ಅಂದು ಕಂಬದ ಬುಡ ಅಗೆಯುವಾಗಷ್ಟೇ ಕಲಿತ ಪದವನ್ನು ಸೇರಿಸಿ, "ನಿಮ್ಮ ನೆಲದಲ್ಲಿ ಗುಂಡಿ ಇದೆ. ಮನೆ ಇಲ್ಲ."